ವಾಡೆಯೊಳಗಿನ ಗಂಡ

ನಮ್ಮ ಹೊಂಗನೂರಲ್ಲಿ ಹೆಂಗಸಿಗೆ ಹೆರಿಗೆ ನೋವು ಶುರುವಾದ್ರೆ ಸಾಕು, ಗಂಡನಿಗೆ ಬುದ್ಧಿ ಕೈ ಕೊಡ್ತದೆ. ಎಲೆಯಡಿಕೆ ಹಾಕ್ಕಂಡು ಎಲ್ಲರ ಜಗಲಿ ಮೇಲೂ ಕೂತು ನೋಡಿವ್ನಿ, ಬೀದಿಗೆಲ್ಲ ಹೇಳಿವ್ನಿ. ನಮ್ಮನೇದು ಒಂದನ್ನ ಮಾತ್ರ ಇಷ್ಟು ವರ್ಷ ನುಂಗ್ಕಂಡಿದ್ದೆ.

ಸೊಂಟ ಯಾರ್ದು?

ಹೋದ ವರ್ಷ ಮೇಗಲ ಬೀದಿ ಹುಡುಗಿಗೆ ಬೆಳಿಗ್ಗೆ ಸಣ್ಣಗೆ ನೋವು ಬಂತು. ನರ್ಸಮ್ಮ ಫೋನಲ್ಲಿ, "ಈಗ್ಲೇ ಬರಬ್ಯಾಡಿ, ಒಸಿ ಓಡಾಡಿಸಿ, ಸೊಂಟ ನೀವಿ" ಅಂದ್ರಂತೆ. ಗಂಡ ಕೈ ಹಿಡ್ಕಂಡು ತೆಂಗಿನ ಮರ ಸುತ್ತಿಸ್ದ. ಒಸಿ ಹೊತ್ತು ಬುಟ್ಟು ಇಣುಕಿದ್ರೆ, ಅವನು ಜಗಲಿ ಮೇಲೆ ಬೋರಲು ಮಲಗವ್ನೆ, ತುಂಬಿದ ಬಸುರಿ ಅವನ ಸೊಂಟಕ್ಕೆ ಎಣ್ಣೆ ನೀವ್ತಾವ್ಳೆ!

"ಇದೇನವ್ವ?" ಅಂದೆ.

"ಸುತ್ತಿ ಸುತ್ತಿ ಹಿಡ್ಕಬುಡ್ತಂತೆ ಅಜ್ಜಿ. ನಂಗೆ ಇನ್ನೊಂದು ನೋವು ಬರೋಕೆ ಹೊತ್ತೈತಲ್ಲ, ಅಷ್ಟರಲ್ಲಿ ಇವರ್ದು ಮುಗಿಸ್ಬುಡ್ತೀನಿ."

ಹುಳದ ಮನೆ ಕಾನೂನು

ಇನ್ನೊಬ್ಬ ರೇಷ್ಮೆ ಸಾಕೋನು. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದ ದಿನವೇ ಹೆಂಡ್ತಿಗೂ ನೋವು. ಅವನಿಗೆ ಗೊತ್ತಿದ್ದ ಉಪಚಾರ ಒಂದೇ, ಹುಳದ್ದು. ಬಾಗ್ಲಿಗೆ ಸುಣ್ಣ ಚೆಲ್ಲಿ, "ಒಗ್ಗರಣೆ ಘಾಟು ಬರಬಾರ್ದು, ಕಾಲು ತೊಳೀದೆ ಯಾರೂ ಒಳಕ್ಕೆ ಬರಬಾರ್ದು" ಅಂತ ಅಡ್ಡ ನಿಂತ. ನಂಗೂ, "ಹೊಗೆಸೊಪ್ಪು ಉಗ್ದು ಬಾ ಅಜ್ಜಿ" ಅಂದ.

ಒಳಗಿಂದ ಹೆಂಡ್ತಿ ಕೂಗಿದ್ಲು: "ಹುಳ ಬುಡೋ ಬಿದಿರು ಚಂದ್ರಂಕಿ ಮೇಲೆ ನನ್ನೂ ಬುಟ್ಬುಡು! ಗೂಡು ಕಟ್ಕಂಡು ನಿನ್ ಮುಖ ನೋಡ್ದಂಗೆ ಇರ್ತೀನಿ!"

ನಮ್ಮೋರು

ನನ್ನ ಮೂರನೇ ಹೆರಿಗೆ. ಆಗ ಗಂಡಸು ಹೆರಿಗೆ ಕೋಣೆ ಕಡೆ ತಲೆ ಹಾಕಿದ್ರೆ ಮನೆ ಮಾನ ಹೋಯ್ತಿತ್ತು. ಸುದ್ದಿ ಬಸ್ಸಿಗಿಂತ ಮುಂಚೆ ಚನ್ನಪಟ್ಣ ಸೇರ್ತಿತ್ತು. ಅತ್ತೆ ಸೂಲಗಿತ್ತಿ ಕರೆಯಕ್ಕೆ ಹೋಗಿದ್ದೇ ತಡ, ನಮ್ಮೋರು ಬೆಕ್ಕಿನಂಗೆ ಒಳಕ್ಕೆ ಬಂದು ಬಿಸಿ ಹರಳೆಣ್ಣೆ ಹಚ್ಚಿ ಸೊಂಟ ಒತ್ತಿದ್ರು.

"ಯಾರಾದ್ರೂ ನೋಡ್ಬುಟ್ರೆ?" ಅಂದೆ.

"ಸುಮ್ನಿರಮ್ಮಿ" ಅಂದ್ರು.

ಆ ಕೈ ಬಿಸಿ ಈಗ್ಲೂ ಬೆನ್ನಲ್ಲೈತೆ. ಅವರಿಲ್ಲ.

ಬಾಗ್ಲಲ್ಲಿ ಅತ್ತೆ ದನಿ ಕೇಳ್ತು. ಹೊರಕ್ಕೆ ಬೇರೆ ದಾರಿಯಿಲ್ಲ. ಮೂಲೇಲಿ ರಾಗಿ ತುಂಬೋ ಆಳೆತ್ತರದ ಮಣ್ಣಿನ ವಾಡೆ ಖಾಲಿ ಇತ್ತು, ಅದರೊಳಕ್ಕೆ ಇಳಿದ್ಬುಟ್ರು. ಮಗು ಬಂತು, ಅಳ್ನಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದ್ಲು, ಆಗ್ಲೂ ಅಳ್ನಿಲ್ಲ. ಅಷ್ಟರಲ್ಲಿ ವಾಡೆಯೊಳಗಿಂದ, "ಅಯ್ಯೋ ನನ್ ಕಂದಾ!" ಅಂತ ಗೊಳೋ ಅಳು! ಬೆಚ್ಚಿಬಿದ್ದು ಮಗೂನೂ ಕಿರುಚ್ತು.

ಬಿಸ್ನೀರು ಕಾಯಿಸ್ತಿದ್ದ ಅತ್ತೆ ಹೊರಗಿಂದ ಕೂಗಿದ್ರು: "ಎರಡು ದನಿ ಕೇಳ್ತದಲ್ಲೇ! ಅವಳಿಜವಳಿನಾ?"

ಸೂಲಗಿತ್ತಿ ತುದಿಗಾಲಲ್ಲಿ ನಿಂತು ವಾಡೆಯೊಳಕ್ಕೆ ಇಣುಕಿ ಅಂದ್ಲು: "ಹೂಂ ಕಣಮ್ಮ, ಎರಡು. ದೊಡ್ಡದಕ್ಕೆ ಆಗ್ಲೇ ಮೀಸೆ ಬಂದೈತೆ."