ಟೆನಿಸ್ ಆಡದ ಮೊಣಕೈ

ಚಾದರಕ್ಕನ ಬಲ ಮೊಣಕೈ ನೋವಿಗೆ ಡಾಕ್ಟರಮ್ಮ ಒಂದು ಹೆಸರು ಬರೆದುಕೊಟ್ಟಿದ್ದರು. ನೋವನ್ನು ಹೇಗೋ ತಡೆದುಕೊಂಡಿದ್ದಳು. ತಡೆದುಕೊಳ್ಳಲಾಗದೆ ಹೋದದ್ದು ಆ ಹೆಸರನ್ನು.

ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಹನ್ನೊಂದು ಹೆಂಗಸರು. ಯಾರು ಏನು ಒಗೆಯುತ್ತಾರೋ ಅದೇ ಅವರ ಹೆಸರು. ಟವೆಲು ಒಗೆಯುವವಳು ಟವೆಲ್ಲಮ್ಮ, ಕಿಟಕಿ ಪರದೆ ಒಗೆಯುವವಳು ಪರದೆ ಅತ್ತಿಗೆ, ಹಾಸಿಗೆಯ ಚಾದರಗಳು ಚಾದರಕ್ಕನ ಪಾಲು. ಹಿಂಡುವ ಯಂತ್ರ ಕೆಟ್ಟು ಎಂಟು ತಿಂಗಳಾಗಿತ್ತು. 'ನಾಳೆ ರಿಪೇರಿ' ಎಂದು ಅದರ ಹೊಟ್ಟೆಗೆ ಅಂಟಿಸಿದ್ದ ಚೀಟಿ ಹಳದಿಗಟ್ಟಿತ್ತು. ಹಾಗಾಗಿ ಒದ್ದೆ ಚಾದರವನ್ನು ಇಬ್ಬರು ಎರಡು ತುದಿ ಹಿಡಿದು, ಎದುರುಬದುರಾಗಿ ನಿಂತು, ಹೆಬ್ಬಾವಿನ ಕತ್ತು ಮುರಿಯುವಂತೆ ತಿರುಚಬೇಕು. ದಿನಕ್ಕೆ ನೂರು ಹೆಬ್ಬಾವು. ಈಗ ಚಾದರಕ್ಕನಿಗೆ ಚಹಾದ ಲೋಟ ಎತ್ತಿದರೂ ಮೊಣಕೈಯಿಂದ ಬೆರಳಿನವರೆಗೆ ಕೆಂಡ ಹರಿದಂತಾಗುತ್ತಿತ್ತು. ಹದಿನೈದು ದಿನ ಕೈಗೆ ವಿಶ್ರಾಂತಿ ಕೊಡದಿದ್ದರೆ ಕೈಯೇ ಕೈಕೊಡುತ್ತದೆ ಎಂದು ಡಾಕ್ಟರಮ್ಮ ಹೆದರಿಸಿದ್ದರು.

ಬೆಳಿಗ್ಗೆ ಬಂದವಳೇ ಸರ್ಟಿಫಿಕೇಟನ್ನು ಸೂಪರ್‌ವೈಸರನ ಮೇಜಿನ ಮೇಲಿಟ್ಟಳು. ಅವನು ಅದನ್ನು ಓದಿದ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮತ್ತೊಮ್ಮೆ ಓದಿದ.

"ಏನಮ್ಮಾ, ಯಾವಾಗಿಂದ ಆಡ್ತಿದೀಯ?"

"ಏನನ್ನ ಸಾರ್?"

"ಟೆನಿಸ್! ಇಲ್ಲಿ ಟೆನಿಸ್ ಎಲ್ಬೋ ಅಂತ ಬರ್ದಿದಾರಲ್ಲ. ಅಂದ್ರೆ ಟೆನಿಸ್ ಆಡಿ ಬರೋ ಮೊಣಕೈ ನೋವು."

"ಅಯ್ಯೋ, ನಾನ್ಯಾಕೆ ಆಡ್ಲಿ ಸಾರ್? ಚಾದರ ಹಿಂಡಿ ಹಿಂಡಿ ಬಂದಿದ್ದಿದು!"

ಅವನು ಖಾನೆಯಿಂದ ನಿಯಮದ ಪುಸ್ತಕ ತೆಗೆದು, ಎಂಜಲು ಬೆರಳಿನಿಂದ ಹಾಳೆ ತಿರುಗಿಸಿದ. "ನೋಡು, ಕೆಲಸದಿಂದ ಬಂದ ಕಾಯಿಲೆಗೆ ರಜೆ ಉಂಟು. ಆಟ ಆಡಿ ಕೈಕಾಲು ಮುರ್ಕೊಂಡ್ರೆ ಇಲ್ಲ. ಹೇಳದೆ ಮನೇಲಿ ಕೂತ್ರೆ ಕೆಲಸಾನೇ ಇಲ್ಲ. ಮೂರು ಗಂಟೆಗೆ ರಜೆ ಪಟ್ಟಿ ಮುಗಿಸ್ತೀನಿ. ಅಷ್ಟರೊಳಗೆ ಸರಿಯಾದ ಕಾಯಿಲೆ ತಗೊಂಡು ಬಾ."

"ಆ ಚೀಟಿ ಕೊಡಿ ಮತ್ತೆ."

"ಇದು ಇರ್ಲಿ. ಮೇಲಿನೋರಿಗೂ ತೋರಿಸ್ತೀನಿ. ಪಾಪ, ಅವರೂ ನಕ್ಕು ಎಷ್ಟು ದಿನ ಆಯ್ತೋ."

ಅವಳು ಕೋಣೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ಟವೆಲ್ಲಮ್ಮ ಇಬ್ಬರ ಮಾತನ್ನೂ ತಾನೇ ಆಡಿ ತೋರಿಸಿ ಮುಗಿಸಿದ್ದಳು.

"ಅಕ್ಕಾ, ನಮ್ಮನ್ನೂ ಒಂದಿನ ಕರ್ಕೊಂಡು ಹೋಗೇ. ಚೆಂಡಾದ್ರೂ ಹೆಕ್ಕಿ ಕೊಡ್ತೀವಿ!"

"ಸಾಹೇಬರ ಕಾಯಿಲೆ ಕಣೆ ಅದು. ಇನ್ಮೇಲೆ ಅವಳನ್ನ ಮೇಡಂ ಅನ್ನಿ," ಎಂದಳು ಪರದೆ ಅತ್ತಿಗೆ.

ಬಾಯಿ ತೆರೆದರೆ ಅಳು ಬರುತ್ತದೋ ಬೈಗುಳ ಬರುತ್ತದೋ ಚಾದರಕ್ಕನಿಗೇ ಗೊತ್ತಿರಲಿಲ್ಲ. ಚೀಲ ಹೆಗಲಿಗೇರಿಸಿ ಆಸ್ಪತ್ರೆಯ ದಾರಿ ಹಿಡಿದಳು. ಇಪ್ಪತ್ತೆರಡು ವರ್ಷ ಒಗೆದದ್ದು, ಎಂಟು ತಿಂಗಳು ತಿರುಚಿದ್ದು ಅವಳು. ಹೆಸರು ಯಾರದೋ! ಅವಳು ಆ ಆಟವನ್ನು ನೋಡಿದ್ದೇ ಎರಡು ಸಲ. ಅದೂ ಬೇರೆಯವರ ಟೀವಿಯಲ್ಲಿ, ಚೆಂಡು ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಚಾನೆಲು ಬದಲಾಗಿತ್ತು.

ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಏನಮ್ಮಾ ತೊಂದರೆ ಎಂದು ಕೇಳಿದರು. ಕೋಪದಲ್ಲಿದ್ದವಳು ಎಲ್ಲವನ್ನೂ ಹೇಳಿಬಿಟ್ಟಳು. ಮೇಷ್ಟ್ರ ಕಿವಿಗೆ ಬಿದ್ದದ್ದು ಟೆನಿಸ್ ಒಂದೇ.

"ನೀವು ಹೊಡೆಯೋ ರೀತೀಲೇ ತಪ್ಪಿದೆ ತಾಯಿ. ಮಣಿಕಟ್ಟು ಬಗ್ಗಿಸ್ತೀರಿ, ಅಲ್ವಾ?"

"ನಾನು ಹೊಡೆಯಲ್ಲ ಮೇಷ್ಟ್ರೇ, ಹಿಂಡ್ತೀನಿ."

"ಅದೇ ತಪ್ಪು! ಹಿಂಡಬಾರದು, ಬೀಸಬೇಕು. ಭುಜದಿಂದ ಬರಬೇಕು. ಹೀಗೆ!" ಎಂದು ಎದ್ದು, ತಮ್ಮ ಎಕ್ಸ್‌ರೇ ಲಕೋಟೆಯನ್ನು ಬೀಸಿಯೇಬಿಟ್ಟರು. ಅದು ಹಿಂದಿನಿಂದ ಬರುತ್ತಿದ್ದ ನರ್ಸಿನ ಟ್ರೇಗೆ ಬಡಿದು, ಹತ್ತಿ ಉಂಡೆಗಳು ಮೋಡ ಒಡೆದಂತೆ ಬಿದ್ದವು. ನರ್ಸು ನೇರವಾಗಿ ಚಾದರಕ್ಕನ ಕಡೆ ತಿರುಗಿದಳು. "ಇದು ಆಸ್ಪತ್ರೆ ಕಣ್ರೀ, ಆಟದ ಮೈದಾನ ಅಲ್ಲ. ಹೆಕ್ಕಿ ಕೊಡಿ!"

ಮಾಡದ ತಪ್ಪಿಗೆ ನೆಲಕ್ಕೆ ಬಗ್ಗಿ, ನೋಯುವ ಕೈಯಿಂದಲೇ ಹತ್ತಿ ಹೆಕ್ಕಿ ಮುಗಿಸುವಾಗ ಎರಡು ಗಂಟೆ.

"ಡಾಕ್ಟರಮ್ಮಾ, ನನ್ನ ನೋವು ನಿಮ್ಮತ್ರ ಕೊಟ್ಟೆ. ನೀವದನ್ನ ಯಾರಿಗೋ ಬರ್ಕೊಟ್ಟಿದೀರಿ," ಎಂದಳು ಒಳಗೆ ಹೋದವಳೇ.

ಡಾಕ್ಟರಮ್ಮ ಕತೆ ಕೇಳಿ ಕನ್ನಡಕ ತೆಗೆದಿಟ್ಟರು. "ನಾನಿಟ್ಟ ಹೆಸರಲ್ಲಮ್ಮ ಅದು. ನೂರು ವರ್ಷಕ್ಕೂ ಹಳೇದು. ಆ ಕಾಲದಲ್ಲಿ ದುಡ್ಡಿರೋರು ಹುಲ್ಲಿನ ಮೇಲೆ ಟೆನಿಸ್ ಆಡಿ, ಕೈ ನೋವು ಅಂತ ಬರೋರು. ಡಾಕ್ಟರುಗಳು ಅದನ್ನೇ ಬರೆದಿಟ್ರು. ಈಗ ನೋಡಿದ್ರೆ ನನ್ನ ಹತ್ರ ಈ ನೋವು ತರೋರಲ್ಲಿ ಬಡಗಿ, ಪೇಂಟರ್, ಅಡುಗೆಯೋರೇ ಜಾಸ್ತಿ. ಟೆನಿಸ್ ಆಡೋರು ಅಪರೂಪ."

"ಎಲ್ಲಾ ಕಾಯಿಲೆಗೂ ಹಿಂಗೇನಾ?"

"ಹಾಗೇನಿಲ್ಲ. ನೆಲ ಒರೆಸಿ ಒರೆಸಿ ಮಂಡಿ ಊದಿಕೊಳ್ಳುತ್ತಲ್ಲ, ಅದಕ್ಕೆ ಮನೆಗೆಲಸದವಳ ಮಂಡಿ ಅಂತಾನೇ ಹೆಸರಿತ್ತು."

"ಓಹೋ! ಮಂಡಿ ಆದ್ರೆ ನಮ್ದು, ಮೊಣಕೈ ಆದ್ರೆ ಅವರ್ದು! ಒಂದೇ ಮೈಯಲ್ಲಿ ಅದ್ಹೆಂಗೆ ಪಾಲು ಮಾಡಿದ್ರು?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಏನೋ ನೆನಪಾದಂತೆ, "ತಾಳು, ಇದೇ ನೋವಿಗೆ ಇನ್ನೊಂದು ಹಳೇ ಹೆಸರಿತ್ತು. ಬಟ್ಟೆ ಒಗೆಯುವವಳ ಮೊಣಕೈ ಅಂತ. ಅದ್ಯಾಕೋ ಬಳಕೆ ತಪ್ಪಿಹೋಯ್ತು," ಎಂದರು.

ಚಾದರಕ್ಕ ಕುರ್ಚಿಯಿಂದ ಎದ್ದು ನಿಂತಳು. "ನಂದು ನನಗೆ ಕೊಡಿ ಡಾಕ್ಟರಮ್ಮಾ. ಅದನ್ನೇ ಬರೀರಿ. ನನಗೂ ಓದೋಕೆ ಬರೋ ಹಾಗೆ ಬರೀರಿ."

ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು, ಕೆಳಗೆ ಸೀಲು ಹಾಕಿಸಿಕೊಂಡಳು. ದಾರಿಯುದ್ದಕ್ಕೂ ಮೂರು ಸಲ ತೆಗೆದು ಓದಿದಳು. ಕಳೆದುಹೋದ ಆಸ್ತಿಯ ಪತ್ರ ಸಿಕ್ಕಂತೆ ಅದನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತ ನೆಲಮಾಳಿಗೆಗೆ ಇಳಿದಾಗ ಮೂರಕ್ಕೆ ಐದು ನಿಮಿಷವಿತ್ತು.

ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಮ್ಯಾನೇಜರೇ ಕೆಳಗಿಳಿದು ಬಂದಿದ್ದರು. ಹಿಂಡುವ ಯಂತ್ರ ಕೆಟ್ಟಾಗಲೂ ಬಾರದಿದ್ದವರು. ಅವರ ಬೆನ್ನ ಹಿಂದೆ ಸೂಪರ್‌ವೈಸರ್ ಹಿಂಡಿದ ಟವೆಲಿನಂತೆ ನಿಂತಿದ್ದ.

"ಟೆನಿಸ್ ಎಲ್ಬೋ ಯಾರಿಗಮ್ಮ?"

"ಇವಳೇ ಸಾರ್!" ಎಂದು ಟವೆಲ್ಲಮ್ಮ ತೋರಿಸಿದಳು.

ಮ್ಯಾನೇಜರರ ಮುಖ ಕರಗಿತು. "ಅಯ್ಯೋ ಪಾಪ! ಹೋದ ವರ್ಷ ನನಗೂ ಬಂದಿತ್ತು. ಬಾಗಿಲ ಹಿಡಿ ತಿರುಗಿಸೋಕೂ ಆಗ್ತಿರಲಿಲ್ಲ. ಎರಡು ತಿಂಗಳು ಮನೆಯಲ್ಲೇ ಇದ್ದೆ. ಇದನ್ನ ನೋಡಿ ನಗ್ತಾನಂತೆ ಇವನು! ಆ ನೋವು ಏನು ಅಂತ ಅನುಭವಿಸಿದವರಿಗೇ ಗೊತ್ತು." ಜೇಬಿನಿಂದ ಒಂದು ಚೀಟಿ ತೆಗೆದರು. "ಹದಿನೈದಲ್ಲ, ಒಂದು ತಿಂಗಳು ರಜೆ. ಸಹಿ ಹಾಕಿದೀನಿ. ತಗೋ."

ಕೈ ಚಾಚಿದ್ದರೆ ಮುಗಿಯುತ್ತಿತ್ತು. ಆದರೆ ಬೆಳಗಿನಿಂದ ಕುದಿದ ಕೋಪಕ್ಕೆ ಮುಚ್ಚಳ ಎಲ್ಲಿ? ಚಾದರಕ್ಕ ತನ್ನ ಸರ್ಟಿಫಿಕೇಟನ್ನೇ ಮುಂದೆ ಚಾಚಿದಳು.

"ಸಾರ್, ನಂದು ಟೆನಿಸ್ ಅಲ್ಲ! ನಾನು ಯಾವ ಆಟಾನೂ ಆಡಿಲ್ಲ. ಇಲ್ಲಿ ನೋಡಿ, ಸೀಲು ಸಮೇತ ಇದೆ. ಬಟ್ಟೆ ಒಗೆಯುವವಳ ಮೊಣಕೈ!"

ಮ್ಯಾನೇಜರ್ ಓದಿದರು. ಕರಗಿದ್ದ ಮುಖ ಮೆಲ್ಲಗೆ ಹೆಪ್ಪುಗಟ್ಟಿತು.

"ಇಲ್ಲಿ ಬಟ್ಟೆ ಒಗೆಯೋರು ಎಷ್ಟು ಜನ?"

"ಹನ್ನೊಂದು ಸಾರ್," ಎಂದ ಸೂಪರ್‌ವೈಸರ್.

"ಹನ್ನೊಂದು ಜನಕ್ಕೂ ಇದು ಬಂದ್ರೆ?"

"ಬಂದಿದೆ ಸಾರ್!" ಗೆಳತಿಗೆ ಆಸರೆಯಾಗಲೆಂದು ಟವೆಲ್ಲಮ್ಮ ಮುಂದೆ ಬಂದು ಮೊಣಕೈ ತೋರಿಸಿದಳು. ಪರದೆ ಅತ್ತಿಗೆ ತೋರಿಸಿದಳು. ಒಬ್ಬೊಬ್ಬರಾಗಿ ಹತ್ತು ಮೊಣಕೈಗಳು ಮ್ಯಾನೇಜರರ ಮೂಗಿನ ಮುಂದೆ ಸಾಲಾಗಿ ನಿಂತವು.

ಮ್ಯಾನೇಜರ್ ರಜೆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಒಗೆಯೋರಿಗೆ ಒಗೆಯೋರ ಮೊಣಕೈ ಇರದೆ ಇನ್ನೇನಿರುತ್ತಮ್ಮ? ಇದು ಕಾಯಿಲೆ ಅಲ್ಲ, ಕೆಲಸ. ಇದಕ್ಕೆಲ್ಲ ರಜೆ ಕೊಟ್ರೆ ಹೋಟೆಲು ಮುಚ್ಚಬೇಕು," ಎಂದು ಮೆಟ್ಟಿಲೇರಿ ಹೋದರು.

ಚಾದರಕ್ಕ ಸರ್ಟಿಫಿಕೇಟನ್ನು ನೋಡುತ್ತ ನಿಂತಳು. ಅಕ್ಷರಗಳು ದೊಡ್ಡದಾಗಿಯೇ ಇದ್ದವು. ಹತ್ತು ನಿಮಿಷ ಬಿಟ್ಟು ಸೂಪರ್‌ವೈಸರ್ ಒಂದು ಒದ್ದೆ ಗಂಟು ತಂದು ಅವಳ ಮುಂದೆ ಇಟ್ಟ. ಬಿಳಿ ಅಂಗಿ, ಬಿಳಿ ಚಡ್ಡಿ, ಬೆವರು ಒರೆಸುವ ಮಣಿಕಟ್ಟಿನ ಪಟ್ಟಿ.

"ಮ್ಯಾನೇಜರ್ ಸಾಹೇಬರ ಟೆನಿಸ್ ಬಟ್ಟೆ. ಕೈ ಪೂರ್ತಿ ವಾಸಿಯಾಗಿದೆಯಂತೆ, ನಾಳೆ ಬೆಳಿಗ್ಗೆ ಮತ್ತೆ ಆಡ್ಬೇಕಂತೆ. ಚೆನ್ನಾಗಿ ಹಿಂಡು."