ಮಾವನವರ ಮೆದುಳಿನ ತಾಲೀಮು

ನಮ್ಮ ಮಾವನವರ ಮೆದುಳು ಅತ್ಯಂತ ಆರೋಗ್ಯವಾಗಿದೆ. ಅದರ ಸಲುವಾಗಿ ಮನೆಯಲ್ಲಿ ಉಳಿದವರ ಮೆದುಳೆಲ್ಲ ಹಣ್ಣಾಗಿದೆ, ಅಷ್ಟೇ! ಇಡೀ ಚಿಕ್ಕೋಡಿ ತಾಲೂಕಿನಲ್ಲಿ ನನ್ನಷ್ಟು ದಣಿದ ಸೊಸೆ ಇನ್ನೊಬ್ಬಳಿದ್ದರೆ ದಯವಿಟ್ಟು ಏಕಸಂಬಿಗೆ ಬಂದು ನನ್ನ ಪಕ್ಕ ಕೂತುಕೊಳ್ಳಲಿ. ಮಾತಾಡಬೇಕಾಗಿಲ್ಲ. ಇಬ್ಬರೂ ಗೋಡೆಗೆ ಒರಗಿ ಸುಮ್ಮನೆ ಕೂತರೆ ಸಾಕು.

ಅಸಲಿಗೆ ಮರೆವು ಶುರುವಾದದ್ದು ಮಾವನವರಿಗಲ್ಲ, ಅತ್ತೆಗೆ. ಮೊದಲು ಬೇಳೆಗೆ ಎರಡೆರಡು ಸಲ ಉಪ್ಪು ಬಿತ್ತು, ನಕ್ಕೆವು. ಆಮೇಲೊಮ್ಮೆ ಬಸದಿಗೆ ಹೋದವರು ಚಪ್ಪಲಿ ಬಿಟ್ಟು ಬಂದರು. ಚಪ್ಪಲಿಯ ಜೊತೆಗೆ ನನ್ನನ್ನೂ ಅಲ್ಲೇ ಬಿಟ್ಟು ಬಂದರು, ಆಗಲೂ ನಕ್ಕೆವು. ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದವರು ಎದುರಿಗೆ ನಿಂತಿದ್ದ ಮಾವನವರನ್ನು ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು, “ಯಾರ ಕಡೆಯವ್ರರಿ? ಕುಂಡರ್ರಿ, ನಮ್ಮ ಮನ್ಯಾರು ಈಗ ಬರ್ತಾರ” ಅಂದರು. ಮರುಕ್ಷಣವೇ ಗುರುತು ಹತ್ತಿ ತಾವೇ ನಕ್ಕರು. ಮಾವನವರು ನಗಲಿಲ್ಲ.

ಮಿರಜಿನ ಡಾಕ್ಟರು ಗುಳಿಗೆ ಬರೆದುಕೊಟ್ಟು, “ಇದು ಪೂರಾ ವಾಸಿ ಆಗೂದಲ್ರಿ, ಆದಷ್ಟು ನಿಧಾನ ಮಾಡೂಣು. ಮೆದುಳಿಗೆ ದಿನಾ ಏನರೆ ಹೊಸಾ ಕೆಲಸ ಕೊಡ್ರಿ” ಎಂದರು. ಡಾಕ್ಟರು ಅಷ್ಟಕ್ಕೇ ಬಿಟ್ಟರು, ಮಾವನವರು ಬಿಡುತ್ತಾರೆಯೇ? ಬೆಲ್ಲದ ವ್ಯಾಪಾರವನ್ನು ಮಗನಿಗೆ ವಹಿಸಿ ಕೈ ಖಾಲಿ ಮಾಡಿಕೊಂಡು ಕೂತಿದ್ದ ಮನುಷ್ಯ! ಮೊಬೈಲಿನಲ್ಲಿ ಮೆದುಳಿನ ಬಗ್ಗೆ ಎಷ್ಟು ಭಾಷಣಗಳಿವೆಯೋ ಅಷ್ಟನ್ನೂ ಕೇಳಿ ಮುಗಿಸಿ, ಒಂದು ಸಂಜೆ ನಮ್ಮನ್ನು ಪಡಸಾಲೆಯಲ್ಲಿ ಸೇರಿಸಿದರು.

“ಮೆದುಳಿನಾಗ ನ್ಯೂರಾನ್ ಅಂತ ಇರತಾವ. ದಿನಾ ಒಂದ ಕೆಲಸ ಮಾಡಿದ್ರ ಅವು ಮಲಗಿ ಬಿಡತಾವ. ಹೊಸಾದ ಮಾಡಿದ್ರ ಎದ್ದು ಹೊಸಾ ದಾರಿ ಹಾಕತಾವ. ಆಕಿ ಒಬ್ಬಾಕಿಗೆ ಮಾಡು ಅಂದ್ರ ಮನಸಿಗೆ ಹಚ್ಚಿಕೋತಾಳ. ಅದಕ್ಕ ಎಲ್ಲಾರೂ ಕೂಡೇ ಮಾಡೂಣು.”

ಮರೆವು ಅತ್ತೆಗೆ, ಪಥ್ಯ ಮನೆಮಂದಿಗೆಲ್ಲ! ಮರುದಿನದಿಂದ ಎಡಗೈಯಲ್ಲಿ ಹಲ್ಲುಜ್ಜುವುದು ಶುರುವಾಯಿತು. ನನ್ನ ಗಂಡ ಒಸಡು ಕೆತ್ತಿಕೊಂಡು ಗಂಜಿ ಕುಡಿದರು. ಮೆದುಳಿಗೆ ನಿದ್ದೆ ಮುಖ್ಯವಂತೆ, ಹಾಗಾಗಿ ಮಾವನವರು ನಸುಕಿನಲ್ಲೇ ನಮ್ಮ ಬಾಗಿಲು ಬಡಿದು, “ನಿದ್ದಿ ಚೊಲೋ ಆತೇನು?” ಎಂದು ವಿಚಾರಿಸತೊಡಗಿದರು.

ಆಮೇಲೆ ಅಡುಗೆಮನೆಯ ಡಬ್ಬಿಗಳಿಗೆ ಗ್ರಹಚಾರ ವಕ್ಕರಿಸಿತು. ಸಕ್ಕರೆ ಇದ್ದಲ್ಲಿ ಸಾಸಿವೆ, ಚಹಾಪುಡಿ ಇದ್ದಲ್ಲಿ ಖಾರಪುಡಿ, ನಾಳೆ ಮತ್ತೊಂದು. ದಿನವಿಡೀ ಶಾಲೆಯಲ್ಲಿ ಮಕ್ಕಳೊಡನೆ ಗಂಟಲು ಹರಿದುಕೊಂಡು ಬಂದ ನಾನು, ಕೈ ರೂಢಿಯಂತೆ ಕುದಿಯುವ ಹಾಲಿಗೆ ಖಾರಪುಡಿ ಸುರಿದೆ. ಮಾವನವರು ಒಂದು ಗುಟುಕು ಕುಡಿದು ಕಣ್ಣಲ್ಲಿ ನೀರು ತಂದುಕೊಂಡು, “ಎಚ್ಚರಾತು ನೋಡವ್ವಾ! ನಿಂದೂ ಎಚ್ಚರಾತು, ನಂದೂ ಎಚ್ಚರಾತು!” ಎಂದರು. ತಮಾಷೆಯೆಂದರೆ ಅತ್ತೆ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಅವರು ಈಗ ಯಾವ ಡಬ್ಬಿಯನ್ನೂ ನಂಬುವುದಿಲ್ಲ, ಪ್ರತಿಯೊಂದನ್ನೂ ತೆರೆದು ಮೂಸಿ ನೋಡುತ್ತಾರೆ.

ಮೆದುಳಿಗೆ ಮೀನು ಒಳ್ಳೆಯದೆಂದು ಯಾವನೋ ಮೊಬೈಲಿನಲ್ಲಿ ಹೇಳಿದನಂತೆ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆಯಲ್ಲಿ ಮೀನೇ? ಬಾಯಿ ತೊಳೆದುಕೊಳ್ಳಬೇಕು! ಅದೇ ಸತ್ವ ಅಗಸೆಯಲ್ಲೂ ಇದೆಯೆಂದು ತಿಳಿದದ್ದೇ ತಡ, ಅದನ್ನು ಹುರಿದು ಪುಡಿಮಾಡಿದ ಚಟ್ನಿಯೇ ಎಲ್ಲಕ್ಕೂ: ರೊಟ್ಟಿಗೆ ಅಗಸಿ ಹಿಂಡಿ, ಅನ್ನಕ್ಕೆ ಅಗಸಿ ಹಿಂಡಿ, ಕೊನೆಗೆ ಬಾಳೆಹಣ್ಣಿಗೂ ಅಗಸಿ ಹಿಂಡಿ.

“ಮದುವಿ ಆದಾಗಿಂದ ನಾ ದಿನಾ ಇದನ್ನ ಅರದು ಹಾಕೇನಿ,” ಎಂದರು ಅತ್ತೆ ನನ್ನ ಕಡೆ ತಿರುಗಿ. “ಅವಾಗ ಯಾಕ ಇವ್ರು ಶ್ಯಾಣ್ಯಾ ಆಗ್ಲಿಲ್ಲ?”

ಇನ್ನು ದಾರಿಯ ಕಥೆ. ಗೊತ್ತಿದ್ದ ದಾರಿಯಲ್ಲಿ ಹೋದರೆ ನ್ಯೂರಾನುಗಳು ತೂಕಡಿಸುತ್ತವಲ್ಲ, ರಾಯಬಾಗದ ಮದುವೆಗೆ ಹೊರಟ ನಮ್ಮನ್ನು ಚಿಕ್ಕೋಡಿಯಲ್ಲಿ ಅಥಣಿ ಬಸ್ಸಿಗೆ ಹತ್ತಿಸಿದರು. ಕಂಡಕ್ಟರ್ ಕನಿಕರದಿಂದ, “ಯಜಮಾನ್ರ, ರಾಯಬಾಗ ಬಸ್ ಆ ಕಡೆ ನಿಂತೈತ್ರಿ” ಎಂದ. ಮಾವನವರು ಎದೆಯುಬ್ಬಿಸಿ, “ಗೊತ್ತೈತಿ. ಅದಕ್ಕ ಅದನ್ನ ಹತ್ತಿಲ್ಲ!” ಎಂದರು. ಅಥಣಿಗೆ ಹೋಗಿ, ಹಾರೂಗೇರಿಯಲ್ಲಿ ಇಳಿದು, ಮತ್ತೊಂದು ಬಸ್ಸು ಹಿಡಿದು ಮುಟ್ಟಿದಾಗ ಮಂಟಪದಲ್ಲಿ ಕುರ್ಚಿ ಮಡಚುತ್ತಿದ್ದರು.

ಅಂದು ಮನೆಗೆ ಬಂದಾಗ ನನ್ನ ಸೊಂಟ ನನ್ನದಾಗಿರಲಿಲ್ಲ. ತಡೆಯಲಾರದೆ ಹೇಳಿಯೇಬಿಟ್ಟೆ: “ಮಾವಾರ, ಸಾಕ ಮಾಡ್ರಿ. ಅತ್ತಿ ಮರತ್ರ ಮರೀಲಿ. ನಾವೆಲ್ಲಾ ನೆನಪಿಟ್ಟಕೋತೀವಿ.”

ಮಾವನವರು ಬೈಯಲಿಲ್ಲ. ಅತ್ತೆಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದರು: “ನೀವು ಎಷ್ಟ ನೆನಪಿಟ್ರೂ, ನಾ ಯಾರು ಅನ್ನೂದನ್ನ ಆಕೀನ ನೆನಪ ಇಡಬೇಕಲ್ಲವ್ವಾ.”

ಅದಾದ ಮೇಲೆ ನಾನು ಸುಮ್ಮನೆ ಎಡಗೈಯಲ್ಲಿ ಹಲ್ಲುಜ್ಜಿದೆ.

ಮೊನ್ನೆ ಕಾಗವಾಡದಲ್ಲಿ ನನ್ನ ನಾದಿನಿಯ ಬಸುರಿ ಮಗಳ ಕುಬುಸದ ಕಾರ್ಯ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲ. ಇಂಥ ಕಾರ್ಯಗಳಲ್ಲಿ ಹೆಂಗಸರು ಗಂಟುಬಿದ್ದರೆ ಪ್ರಾಸ ಕಟ್ಟಿ, ಒಡಪಿನೊಳಗೆ ಸುತ್ತಿ ಹೇಳಬೇಕು. ಅತ್ತೆಯನ್ನೂ ಬಿಡುವುದಿಲ್ಲವೆಂದು ಗೊತ್ತಿದ್ದ ಮಾವನವರು ಒಂದು ವಾರ ಮೊದಲೇ ತಾವೇ ಒಂದು ಒಡಪು ಕಟ್ಟಿ ಬಾಯಿಪಾಠ ಮಾಡಿಸಿದ್ದರು. ತನ್ನ ಹೆಸರಿನ ಒಡಪನ್ನು ತಾನೇ ಕಟ್ಟಿದ ಗಂಡನನ್ನು ನೀವೆಲ್ಲಾದರೂ ಕಂಡಿದ್ದೀರಾ?

“ಅಗಸಿ ಹಿಂಡಿ, ಜ್ವಾಳದ ರೊಟ್ಟಿ, ತಲಿ ಆಗ್ಲಿ ಕಲ್ಲಿನಂಗ ಗಟ್ಟಿ,” ಅದರ ಮುಂದೆ ಅವರ ಹೆಸರು.

“ತಲಿ ಮೊದ್ಲ ಗಟ್ಟಿ ಐತಿ, ಮತ್ತ ಯಾಕ ಹರಕಿ?” ಎಂದು ಅತ್ತೆ ಗೊಣಗಿದರೂ ಕಲಿತಿದ್ದರು. ಮನೆಯಲ್ಲಿ ತಪ್ಪದೆ ಹೇಳುತ್ತಿದ್ದರು.

ಅಲ್ಲಿ ಹೆಂಗಸರೆಲ್ಲ ಸುತ್ತುವರಿದು, “ಒಡಪ ಹೇಳ್ರಿ, ಬಿಡೂದಿಲ್ಲ” ಎಂದು ಕೂತರು. ಅತ್ತೆ ನಗುತ್ತಲೇ, “ಅಗಸಿ ಹಿಂಡಿ...” ಎಂದರು. ನಿಂತರು. ಮತ್ತೆ “ಅಗಸಿ ಹಿಂಡಿ...” ಎಂದರು. ನಗು ಮುಖದಿಂದ ಜಾರಿತು. ಗಂಡಸರ ಕಡೆ ಬಾಗಿಲಲ್ಲಿ ನಿಂತಿದ್ದ ಮಾವನವರು ಸದ್ದಿಲ್ಲದೆ ತುಟಿಯಾಡಿಸುತ್ತಿದ್ದರು.

ಅತ್ತೆ ಕಂಗಾಲಾಗಿ ಸುತ್ತಲಿನ ಮುಖಗಳನ್ನೆಲ್ಲ ನೋಡಿದರು. ಯಾರದೂ ಗುರುತು ಹತ್ತಿದಂತಿರಲಿಲ್ಲ, ನನ್ನದೂ ಕೂಡ. ಆಮೇಲೆ ಅವರ ಕಣ್ಣು ಬಾಗಿಲಿಗೆ ಹೋಯಿತು. ಕೂತಲ್ಲಿಂದಲೇ ಮಾವನವರ ಹೆಸರು ಹಿಡಿದು ಕೂಗಿದರು. ಪ್ರಾಸವಿಲ್ಲ, ಒಡಪಿಲ್ಲ, ಬರೀ ಹೆಸರು! ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ಹಾಗೆ ಬಂದದ್ದು ಅದೇ ಮೊದಲು.

“ಅಯ್ಯಯ್ಯ, ಹೆಸರ ಹಿಡದ ಕರದ್ಲಲ್ಲ ಬೇ!” ಎಂದು ಮುದುಕಿಯೊಬ್ಬಳು ಗಲ್ಲಕ್ಕೆ ಕೈ ಹಚ್ಚಿದಳು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ಓ, ಬಂದ್ನಿ,” ಎಂದರು ಮಾವನವರು. ಗಂಡಸರು ಕಾಲಿಡದ ಆ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು, ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಇನ್ನೊಮ್ಮಿ ಕರಿ,” ಎಂದರು.