ಕೌನ್ಸಿಲರ್ ತೋನ್‌ಗೊಂದು ಬಿರುದು

ನೆದರ್ಲೆಂಡ್ಸಿನ ನೈಮೇಗನ್ ನಗರದ ಪತ್ರಿಕೆಯೊಂದರ ಉಪಸಂಪಾದಕ ಹ್ಯೂಬ್‌ಗೆ ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ನೆಮ್ಮದಿ ಸಿಗದ ಜಾಗವೆಂದರೆ ಸ್ವಂತ ಮನೆಯ ಶೌಚಾಲಯ. ನೆಂಟರಿಷ್ಟರ ಹುಟ್ಟುಹಬ್ಬಗಳ ಕ್ಯಾಲೆಂಡರು ಆ ದೇಶದ ಎಲ್ಲರ ಮನೆಯಂತೆ ಅಲ್ಲೇ ನೇತಾಡುತ್ತಿತ್ತು. ಮಾರ್ಚ್ ತಿಂಗಳ ಹಾಳೆಯಲ್ಲಿ ಹೆಂಡತಿ ಮಾರ್ಲೀಸಳ ದುಂಡನೆಯ ಅಕ್ಷರದಲ್ಲಿ 'ತೋನ್' ಎಂದು ಬರೆದಿತ್ತು. ಮೂವತ್ತೊಂದು ದಿನ, ಕೂತಾಗಲೆಲ್ಲ ತೋನ್‌ನ ದರ್ಶನ!

ತೋನ್ ಕ್ಲಾಸೆನ್ ಈಗ ಕೆಂಪು ಪಕ್ಷದ ನಗರಸಭಾ ಸದಸ್ಯ. ಕಾಲೇಜಿನ ದಿನಗಳಲ್ಲಿ ಅವನೂ ಮಾರ್ಲೀಸಳೂ ಕಾರ್ಖಾನೆಯ ಗೇಟಿನಲ್ಲಿ ನಿಂತು ಅದೇ ಪಕ್ಷದ ಮಾವೋ ವಿಚಾರದ ಪತ್ರಿಕೆ ಮಾರಿದವರು. (ಒಂದೇ ಕೊಡೆಯ ಕೆಳಗೆ. ಇದನ್ನು ಅವಳೇ ಹೇಳಿದ್ದು, ಅದೂ ನಗುತ್ತ!) ಪಕ್ಷ ಮಾವೋನನ್ನು ಮರೆತು ದಶಕಗಳಾಗಿವೆ, ಈಗ ಅದು ಹೋರಾಡುವುದು ಬಸ್ ನಿಲ್ದಾಣದ ಬೆಂಚಿಗಾಗಿ. ಹ್ಯೂಬ್ ಮಾತ್ರ ಆ ಕೊಡೆಯನ್ನು ಮರೆತಿರಲಿಲ್ಲ. ಹೊಟ್ಟೆಕಿಚ್ಚೆಂದರೆ ಅಪ್ಪಟ ಹೊಟ್ಟೆಕಿಚ್ಚು.

ಬೆಂಚಿನ ಸುದ್ದಿ ಮೇಜಿಗೆ ಬಂದಾಗ ಅವನು 'ಎಡಪಂಥೀಯ ಸದಸ್ಯ' ಎಂಬುದನ್ನು ಹೊಡೆದುಹಾಕಿ, 'ಉಗ್ರ ಎಡಪಂಥೀಯ, ಮಾಜಿ ಮಾವೋವಾದಿ' ಎಂದು ತಿದ್ದಿದ.

ಮರುದಿನ ಬೆಳಿಗ್ಗೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸುತ್ತಿದ್ದ ಮಾರ್ಲೀಸ್ ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಇದು ನಿನ್ನ ಕೆಲ್ಸಾನೇ ತಾನೆ? ಉಗ್ರನಂತೆ! ಅವ್ನು ನೊಣ ಓಡ್ಸೋಕೂ ನೊಣದ ಒಪ್ಪಿಗೆ ಕೇಳೋನು."

"ಯಾವ ಬೇರಿಂದ ಬಂದೋನು ಅಂತ ಓದುಗ್ರಿಗೆ ಗೊತ್ತಾಗ್ಬೇಕಲ್ಲ."

"ಹಾಗಾದ್ರೆ ಮೇಯರ್ ಹೆಸರಿಗೆ 'ಮಾಜಿ ಚರ್ಚ್ ಗಾಯಕ' ಅಂತ ಯಾಕೆ ಸೇರ್ಸಲ್ಲ?"

"ಅವನ ಪರ ಏನು ವಾದ, ಏನು ವಾದ!"

ಆ ಶನಿವಾರ ಮಾರ್ಲೀಸಳ ಹುಟ್ಟುಹಬ್ಬ. ನೆಂಟರು ದುಂಡಗೆ ಹಾಕಿದ ಕುರ್ಚಿಗಳಲ್ಲಿ ಕೇಕಿನ ತಟ್ಟೆ ಹಿಡಿದು ಕೂತಿದ್ದರು. ತೋನ್ ಬಂದವನೇ ಅಲ್ಲಿನ ವಾಡಿಕೆಯಂತೆ ಎಲ್ಲರ ಕೈ ಕುಲುಕಿ ಅಭಿನಂದಿಸಿದ. ಹ್ಯೂಬ್‌ನ ಕೈಯನ್ನು ಮಾತ್ರ ಬಿಡಲೇ ಇಲ್ಲ.

"ಹೆಂಡ್ತಿ ಹುಟ್ಟುಹಬ್ಬಕ್ಕೆ ಅಭಿನಂದನೆ ಕಣಯ್ಯಾ! ಆ ಬಿರುದಿಗೂ ಥ್ಯಾಂಕ್ಸ್. ನನ್ನ ಮೊಮ್ಮಕ್ಕಳು ಮೊದಲ್ನೇ ಸಲ ನನ್ನನ್ನ ಮರ್ಯಾದೆಯಿಂದ ನೋಡ್ತಿದಾರೆ. ಆದ್ರೆ ನಿಜ ಹೇಳ್ಲಾ? 'ಕ್ರಾಂತಿಗೆ ಲಾಯಕ್ಕಿಲ್ಲದ ಮೆದು ಮನುಷ್ಯ' ಅಂತ ಆಗ ನನ್ನನ್ನ ಕಾಲೇಜಿನ ಮಾವೋ ಗುಂಪಿಂದ ಆಚೆ ಹಾಕಿದ್ರು."

"ಯಾರು?"

"ಇನ್ಯಾರು? ಗುಂಪಿನ ಕಾರ್ಯದರ್ಶಿ!" ತೋನ್ ಮಾರ್ಲೀಸಳತ್ತ ಬೆರಳು ತೋರಿಸಿದ.

ಹ್ಯೂಬ್‌ಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಮೆದು ಮನುಷ್ಯನನ್ನು ಹೊರದಬ್ಬಿದ ವೀರನಾರಿ ತನ್ನನ್ನು ವರಿಸಿದ್ದಾಳೆಂದರೆ ಸಾಮಾನ್ಯವೇ! ಎಲ್ಲರಿಗೂ ಕೇಳಿಸುವಂತೆ ಕೇಳಿಯೇಬಿಟ್ಟ:

"ಅಂದ್ಮೇಲೆ ನನ್ನಲ್ಲಿ ಯಾವ ಕಿಡಿ ಕಂಡು ಮದ್ವೆ ಆದೆ, ಹೇಳು?"

ಮಾರ್ಲೀಸ್ ಬಾಯಲ್ಲಿದ್ದ ಕೇಕನ್ನು ನಿಧಾನವಾಗಿ ನುಂಗಿದಳು.

"ಅಷ್ಟೊತ್ತಿಗೆ ನಂಗೆ ಕ್ರಾಂತಿ ಸಾಕಾಗಿತ್ತು ಕಣೋ. ನಿನ್ನಿಂದ ಏನೂ ಆಗಲ್ಲ ಅಂತ ನೋಡಿದ ತಕ್ಷಣ ಗೊತ್ತಾಯ್ತು, ಒಪ್ಕೊಂಡೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮರುಕಪಟ್ಟು ತನ್ನ ಪಾಲಿನ ಕೇಕನ್ನು ಹ್ಯೂಬ್‌ನ ತಟ್ಟೆಗೆ ಹಾಕಿದವನು ತೋನ್ ಒಬ್ಬನೇ.